ಎಂಬತ್ತು ಅಡಿ ಕೇಬಲ್

ಕಳೆದ ಬೇಸಿಗೆಯ ರಜೆಯಲ್ಲಿ ನಾನು ಧಾರಾಪುರಕ್ಕೆ ಹೋದದ್ದು ಒಂದು ಕೇಬಲ್ ಆರಿಸುವುದಕ್ಕಾಗಿ. ಬೆಳಗಾವಿಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ತಿರುಪ್ಪೂರಿಗೆ ರೈಲು. ಅಲ್ಲಿಂದ ಮುಂದಕ್ಕೆ ಬಸ್ಸು. ಎಂಬತ್ತು ಅಡಿ ಕೇಬಲ್ಲಿಗಾಗಿ ಕನ್ನಡದ ಅಧ್ಯಾಪಕನೊಬ್ಬ ಇಷ್ಟು ದೂರ ಹೋಗಬೇಕೆ ಎಂದು ಮನೆಯವರು ಕೇಳಿದರು. ಆಗ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಈಗ ಇದೆ, ಅದನ್ನು ನಿಮ್ಮ ಮುಂದಿಡಬೇಕೆಂದು ಈ ಬರಹ.

ನನಗೆ ಹವ್ಯಾಸಿ ರೇಡಿಯೋದ ಗೀಳು ಇದೆಯೆಂಬುದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಸರ್ಕಾರ ನಡೆಸುವ ಪರೀಕ್ಷೆಯನ್ನು ಬರೆದು ಪರವಾನಗಿ ಪಡೆದವರು ಮನೆಯಲ್ಲಿಯೇ ಪ್ರೇಷಕ ಮತ್ತು ಗ್ರಾಹಕ ಎರಡೂ ಇರುವ ಪೆಟ್ಟಿಗೆಯನ್ನಿಟ್ಟುಕೊಂಡು, ಮಾಡಿನ ಮೇಲೊಂದು ಆಂಟೆನಾ ಕಟ್ಟಿ, ದೂರದ ಇನ್ನೊಬ್ಬ ಹವ್ಯಾಸಿಯೊಡನೆ ಮಾತನಾಡಬಹುದು. ನಡುವೆ ಗೋಪುರವಿಲ್ಲ, ಕಂಪನಿಯಿಲ್ಲ, ತಿಂಗಳ ಬಾಡಿಗೆಯಿಲ್ಲ. ಇದನ್ನು ಬರಿಯ ಆಟವೆನ್ನುವವರು 2004ರ ಡಿಸೆಂಬರನ್ನು ನೆನೆಯಬೇಕು. ಸುನಾಮಿ ಅಂಡಮಾನನ್ನು ಬಡಿದಾಗ, ಹವ್ಯಾಸಕ್ಕಾಗಿ ರೇಡಿಯೋ ಕಟ್ಟಿಕೊಂಡು ಪೋರ್ಟ್ ಬ್ಲೇರಿನಲ್ಲಿದ್ದ ಭಾರತಿ ಪ್ರಸಾದ್ ಮತ್ತು ಅವರ ಸಂಗಡಿಗರ ಧ್ವನಿಯೇ ದ್ವೀಪಕ್ಕೂ ನೆಲನಾಡಿಗೂ ನಡುವಿನ ಸಂಪರ್ಕವಾಯಿತು. ಕನ್ನಡಕ್ಕೆ ರೇಡಿಯೋ ಬಂದದ್ದೂ ಒಂದು ಮನೆಯ ಮೂಲಕವೇ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಲ್ಲಿ 30 ವ್ಯಾಟ್ ಶಕ್ತಿಯ ಪ್ರೇಷಕವನ್ನಿಟ್ಟು ಪ್ರಸಾರ ಆರಂಭಿಸಿದರು. ಮೊದಲ ದಿನ ಕುವೆಂಪು ಅವರ ಕಾವ್ಯವಾಚನವಾಯಿತು. ‘ಆಕಾಶವಾಣಿ’ ಎಂಬ ಹೆಸರು ಬಾನುಲಿಗೆ ಅಂಟಿಕೊಂಡದ್ದು ಆ ಮನೆಯಿಂದ. ಮೂವತ್ತು ವ್ಯಾಟ್ ಎಂದರೆ ನಮ್ಮ ಮನೆಗಳಲ್ಲಿದ್ದ ಹಳೆಯ ಕಾಲದ ಒಂದು ಟ್ಯೂಬ್‌ಲೈಟಿಗಿಂತಲೂ ಕಡಿಮೆ.

ಧಾರಾಪುರದ ಗೆಳೆಯನ ಪರಿಚಯ ನನಗಾದದ್ದು ಆಕಾಶದಲ್ಲಿಯೇ. ಸಂಜೆಯ ಹೊತ್ತು 7 ಮೆಗಾಹರ್ಟ್ಜ್ ಪಟ್ಟಿಯಲ್ಲಿ ಯಾರೋ ಇಂಗ್ಲಿಷಿನಲ್ಲಿ ಕರೆಯುತ್ತಿದ್ದರು, ಉತ್ತರ ಕೊಟ್ಟೆ. ನಾನು ಕನ್ನಡದ ಮೇಷ್ಟರೆಂದು ತಿಳಿಯುತ್ತಲೇ ಆ ಧ್ವನಿ ಸ್ವಲ್ಪ ತಡೆದು, ‘ನಮ್ಮ ಮನೇಲೂ ಕನ್ನಡವೇ ಸಾರ್’ ಎಂದಿತು. ಅವರದು ದೇವಾಂಗ ನೇಕಾರರ ಮನೆತನ. ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ತಲೆಮಾರುಗಳಿಂದ ನೆಲೆಸಿ ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ ಕುಟುಂಬಗಳು ಅನೇಕ ಇವೆ. ಗೆಳೆಯ ಮಗ್ಗವನ್ನು ಬಿಟ್ಟು ಗಾಳಿಯಂತ್ರಗಳ ದುರಸ್ತಿಯ ಕೆಲಸಕ್ಕೆ ಹೋದವರು. ಮೊದಲು ಅವರಿಗೆ 27 ಮೆಗಾಹರ್ಟ್ಜಿನ ನಾಗರಿಕ ಪಟ್ಟಿಯ ಆಸೆಯಿತ್ತಂತೆ. 2005ರಿಂದ ನಮ್ಮ ದೇಶದಲ್ಲಿ ಆ ಪಟ್ಟಿಗೆ ಪರವಾನಗಿ ಬೇಡ. ಆದರೆ ಶಕ್ತಿ 5 ವ್ಯಾಟ್ ಮೀರುವಂತಿಲ್ಲ, ಆಂಟೆನಾ ಪೆಟ್ಟಿಗೆಗೇ ಅಂಟಿಕೊಂಡಿರಬೇಕು. ದೂರ ಕೇಳಬೇಕೆನ್ನುವವನಿಗೆ ಅದು ಸಾಲದೆಂದು ಅವರು ಪರೀಕ್ಷೆ ಬರೆದು ಹವ್ಯಾಸಿಯಾದರು. ಕನ್ನಡವನ್ನು ಆಡಬಲ್ಲರು, ಓದಲಾರರು, ಬರೆಯಲಾರರು.

ಇಬ್ಬರೂ ಗಡಿಯವರೆಂಬುದು ನಮ್ಮ ಸ್ನೇಹವನ್ನು ಬೆಳೆಸಿತು. ಧಾರಾಪುರ 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಕೊಳ್ಳೇಗಾಲವು 1956ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು; ಬೆಳಗಾವಿಯೂ ಅದೇ ವರ್ಷ ಮುಂಬಯಿ ಪ್ರಾಂತದಿಂದ ಮೈಸೂರು ರಾಜ್ಯಕ್ಕೆ ಬಂದಿತು. ನಕಾಶೆಯ ಗೆರೆಗಳು ಸರಿದಾಡಿದಾಗ ಮನೆಮಾತು ಒಂದು ಕಡೆ, ಶಾಲೆಯ ಮಾತು ಇನ್ನೊಂದು ಕಡೆಯಾದವರು ನಾವು. ನಿಪ್ಪಾಣಿಯ ಬಳಿಯ ನಮ್ಮ ಊರಿನಲ್ಲಿ ನಾನು ನಾಲ್ಕನೆಯ ಇಯತ್ತೆಯವರೆಗೆ ಮರಾಠಿ ಶಾಲೆಯಲ್ಲಿಯೂ ಐದನೆಯದರಿಂದ ಕನ್ನಡ ಶಾಲೆಯಲ್ಲಿಯೂ ಕಲಿತವನು. ಟೆಲಿಗ್ರಾಮಿಗೆ ನಮ್ಮೂರಿನ ಮರಾಠಿಯಲ್ಲಿ ‘ತಾರ’, ಕನ್ನಡದಲ್ಲಿ ‘ತಂತಿ’. ಗೆಳೆಯನ ತಮಿಳಿನಲ್ಲಿಯೂ ಅದು ‘ತಂದಿ’. 1942ರಲ್ಲಿ ಮಧುರೆಯಲ್ಲಿ ಹುಟ್ಟಿದ ‘ದಿನತ್ತಂದಿ’ ಪತ್ರಿಕೆಯ ಹೆಸರಿನಲ್ಲಿರುವುದು ಅದೇ ಪದ. ಟೆಲಿಗ್ರಾಮ್ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು, ಮಾತುಗಳು ನಿಲ್ಲಲಿಲ್ಲ. ಇಂಥ ಸಂಗತಿಗಳನ್ನು ಆಡುತ್ತ ನಮ್ಮ ಸಂಜೆಗಳು ಕಳೆಯುತ್ತಿದ್ದವು.

ಒಂದು ಸಂಜೆ ಗೆಳೆಯ, ‘ಕೆಲಸಕ್ಕೆ ಹೋಗಿಟ್ಟು ಈಗ ತಾನೇ ಬಂದೆ ಸಾರ್’ ಎಂದರು. ನಾನು ಅಲ್ಲಿಯೇ ತಡೆದು, ‘ಹೋಗಿಟ್ಟು ಎಂಬುದು ತಮಿಳಿನ ಜಾಯಮಾನ, ಕನ್ನಡದಲ್ಲಿ ಹೋಗಿ ಬಂದೆ ಎನ್ನಬೇಕು’ ಎಂದೆ. ಮೂವತ್ತು ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದವನ ನಾಲಿಗೆ ಅದು. ‘ಸರಿ ಸಾರ್, ಥ್ಯಾಂಕ್ಸ್’ ಎಂದರು ಅವರು. ಹವ್ಯಾಸಿ ರೇಡಿಯೋದಲ್ಲಿ ಗುಟ್ಟಿನ ಮಾತೆಂಬುದಿಲ್ಲ. ಆ ಕಂಪನಾಂಕಕ್ಕೆ ತಿರುವಿದವರೆಲ್ಲರೂ ಕೇಳುತ್ತಾರೆ. ಮುಂದಿನ ವಾರಗಳಲ್ಲಿ ಅವರ ಮಾತಿನಲ್ಲಿ ಕನ್ನಡ ಕಡಿಮೆಯಾಗಿ ಇಂಗ್ಲಿಷ್ ಹೆಚ್ಚಿತು. ಒಂದೆರಡು ತಿಂಗಳಲ್ಲಿ ‘ನಮಸ್ಕಾರ ಸಾರ್’ ಮತ್ತು ‘ಶುಭರಾತ್ರಿ’ ಇವೆರಡರ ನಡುವೆ ಇದ್ದುದೆಲ್ಲ ಇಂಗ್ಲಿಷೇ. ಯಂತ್ರದ ವಿಷಯಗಳಿಗೆ ಇಂಗ್ಲಿಷ್ ಅನುಕೂಲವೆಂದು ನಾನು ಭಾವಿಸಿದೆ. ಅದು ನನಗೂ ಅನುಕೂಲವಾದ ಭಾವನೆಯಾಗಿತ್ತು.

ಆ ದಿನಗಳಲ್ಲಿಯೇ ನಾನು ಅವರಿಗೊಂದು ಉಡುಗೊರೆ ಕಳುಹಿಸಿದ್ದೆ. ಹೊಸ ಆಂಟೆನಾ ಕಟ್ಟುತ್ತೇನೆಂದು ಅವರು ಹೇಳಿದಾಗ, ಒಂದು ದೊಡ್ಡ ಊರಿನ ಸಂತೆಬೀದಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಎಂಬತ್ತು ಅಡಿ ಕೇಬಲ್ ಕೊಂಡು ಪಾರ್ಸೆಲ್ ಮಾಡಿದೆ. ಅದರ ಹೊದಿಕೆಯ ಮೇಲೆ ‘ಆರ್‌ಜಿ-58’ ಎಂದು ಅಚ್ಚಾಗಿತ್ತು. ಅಚ್ಚಾದುದನ್ನು ನಂಬುವುದು ನಮ್ಮ ವೃತ್ತಿಯ ರೋಗ.

ಕೇಬಲ್ಲಿನ ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ನಡುವೆ ಒಂದು ತಾಮ್ರದ ತಂತಿ. ಅದರ ಸುತ್ತ ಬಿಳಿಯ ಪಾಲಿಥೀನ್. ಅದರ ಮೇಲೆ ಸಣ್ಣ ತಾಮ್ರದ ಎಳೆಗಳಿಂದ ಹೆಣೆದ ಬಲೆ. ಹೊರಗೆ ಕಪ್ಪು ಹೊದಿಕೆ. ತಂತಿಗೂ ಬಲೆಗೂ ಒಂದೇ ಅಕ್ಷವಾದುದರಿಂದ ಇದಕ್ಕೆ ಕೋ-ಆಕ್ಸಿಯಲ್ ಎಂದು ಹೆಸರು. ಇದರ ಮೊದಲ ಪೇಟೆಂಟನ್ನು 1880ರಲ್ಲಿ ಇಂಗ್ಲೆಂಡಿನಲ್ಲಿ ಪಡೆದವನು ಆಲಿವರ್ ಹೆವಿಸೈಡ್. ಹದಿನಾರನೆಯ ವಯಸ್ಸಿಗೆ ಶಾಲೆ ಬಿಟ್ಟು, ಟೆಲಿಗ್ರಾಫ್ ಕೆಲಸ ಮಾಡಿ, ತಾನೇ ಗಣಿತ ಕಲಿತ ಮನುಷ್ಯ. ಬಾಲ್ಯದ ಕಾಯಿಲೆಯಿಂದ ಅವನ ಕಿವಿ ಮಂದವಾಗಿತ್ತು. ರೇಡಿಯೋ ಅಲೆಗಳನ್ನು ಭೂಮಿಗೆ ಮರಳಿಸುವ ಪದರವೊಂದು ಮೇಲೆ ಆಕಾಶದಲ್ಲಿರಬೇಕೆಂದು 1902ರಲ್ಲಿ ಊಹಿಸಿದವರಲ್ಲಿ ಅವನೂ ಒಬ್ಬ. ಧಾರಾಪುರದ ಮಾತು ಬೆಳಗಾವಿಗೆ ಬರಬೇಕಾದರೆ ಮೊದಲು ಅವನ ಕೇಬಲ್ಲನ್ನು ಏರಬೇಕು, ಅನಂತರ ಅವನು ಊಹಿಸಿದ ಪದರವನ್ನು ತಾಗಿ ಇಳಿಯಬೇಕು.

ಹವ್ಯಾಸಿಗಳು ಪೆಟ್ಟಿಗೆಗೆ ಸಾವಿರಾರು ರೂಪಾಯಿ ಸುರಿಯುತ್ತಾರೆ, ಆಂಟೆನಾದ ಬಗ್ಗೆ ತಾಸುಗಟ್ಟಲೆ ವಾದಿಸುತ್ತಾರೆ; ಎರಡನ್ನೂ ಕೂಡಿಸುವ ಕೇಬಲ್ಲನ್ನು ಮಾತ್ರ ಉಳಿದ ದುಡ್ಡಿನಲ್ಲಿ ಕೊಳ್ಳುತ್ತಾರೆ. ಆದರೆ ಅಲ್ಲಿಯೇ ಸೋರಿಕೆ. ಎಂಬತ್ತು ಅಡಿ ಉದ್ದದ ಒಳ್ಳೆಯ ಆರ್‌ಜಿ-58 ಕೇಬಲ್ 7 ಮೆಗಾಹರ್ಟ್ಜಿನಲ್ಲಿ ಆರರಲ್ಲಿ ಒಂದು ಪಾಲು ಶಕ್ತಿಯನ್ನು ನುಂಗುತ್ತದೆ. 27 ಮೆಗಾಹರ್ಟ್ಜಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು. 145 ಮೆಗಾಹರ್ಟ್ಜಿನಲ್ಲಿ ಮೂರರಲ್ಲಿ ಎರಡು ಪಾಲು. ಕಂಪನಾಂಕ ಏರಿದಂತೆ ಸೋರಿಕೆಯೂ ಏರುತ್ತದೆ. ನುಂಗಿದ ಶಕ್ತಿ ಬರಿಯ ಶಾಖವಾಗಿ ಹೋಗುತ್ತದೆ. ಮುಟ್ಟಿ ನೋಡಿದರೆ ತಿಳಿಯದಷ್ಟು ಮೆಲುವಾದ ಶಾಖ.

ಎರಡು ವರ್ಷಗಳಿಂದ ಗೆಳೆಯನ ಧ್ವನಿ ನನಗೆ ಮಂಕಾಗಿ ಕೇಳಿಸುತ್ತಿತ್ತು. ನನ್ನ ಧ್ವನಿ ಅವರಿಗೆ ಗುಂಯ್‌ಗುಡುವ ಸದ್ದಿನಲ್ಲಿ ಮುಳುಗಿ ಕೇಳುತ್ತಿತ್ತಂತೆ. ‘ಎಸ್‌ಡಬ್ಲ್ಯೂಆರ್ ಎಷ್ಟಿದೆ?’ ಎಂದು ನಾನು ಕೇಳಿದಾಗಲೆಲ್ಲ ಒಂದೇ ಉತ್ತರ: ‘1.2 ಸಾರ್, ಎಲ್ಲ ಚೆನ್ನಾಗಿದೆ.’ ನಾವು ಕಳುಹಿಸಿದ ಶಕ್ತಿಯನ್ನು ಆಂಟೆನಾ ಪೂರ್ತಿಯಾಗಿ ಒಪ್ಪದಿದ್ದರೆ ಒಂದು ಪಾಲು ಮರಳಿ ಬರುತ್ತದೆ; ಹೋಗುವುದಕ್ಕೂ ಮರಳುವುದಕ್ಕೂ ಇರುವ ಸಂಬಂಧವನ್ನು ತೋರಿಸುವ ಮೀಟರು ಇದು. 1 ಎಂದರೆ ಏನೂ ಮರಳುತ್ತಿಲ್ಲ, 1.5 ಎಂದರೆ ಶೇಕಡ 4ರಷ್ಟು ಮರಳುತ್ತಿದೆ. 3 ಎಂದರೆ ಶೇಕಡ 25ರಷ್ಟು. 1.2 ಎಂಬುದು ಎಂಥವನೂ ಮೆಚ್ಚುವ ಅಂಕಿ. ಹಾಗಾದರೆ ದೋಷ ಎಲ್ಲಿ? ‘ರಜೆಯಲ್ಲಿ ಬನ್ನಿ ಸಾರ್, ಕೇಬಲ್ ಒಂದು ಹೊಸದು ಆರಿಸೋಣ’ ಎಂದು ಗೆಳೆಯ ಒಂದು ದಿನ ಅಂದರು. ಅದು ಇಂಗ್ಲಿಷಿನ ನಡುವೆ ಬಹಳ ದಿನಗಳ ಮೇಲೆ ಬಂದ ಕನ್ನಡದ ವಾಕ್ಯ. ಹೊರಟೆ.

ಧಾರಾಪುರವು ಅಮರಾವತಿ ನದಿಯ ದಂಡೆಯ ಊರು. ಪಶ್ಚಿಮಕ್ಕೆ ಸಹ್ಯಾದ್ರಿಯ ಸಾಲು ಪಾಲ್ಘಾಟಿನ ಬಳಿ ಒಡೆದು ಬಾಗಿಲಿನಂತೆ ತೆರೆದಿದೆ. ಮುಂಗಾರಿನ ಗಾಳಿ ಆ ಬಾಗಿಲಿನಿಂದ ನುಗ್ಗಿ ಈ ಬಯಲಿಗೆ ಬರುತ್ತದೆ. ಅದರಿಂದಲೇ ಬಸ್ಸಿನ ಕಿಟಕಿಯಲ್ಲಿ ಎತ್ತ ನೋಡಿದರೂ ತೆಂಗಿನ ತೋಟಗಳ ಮೇಲೆ ಗಾಳಿಯಂತ್ರಗಳ ಬಿಳಿಯ ರೆಕ್ಕೆಗಳು. ಗೆಳೆಯನ ಮನೆ ಊರಿನಿಂದ ಸ್ವಲ್ಪ ದೂರದ ಹಳ್ಳಿಯಲ್ಲಿ. ಮುಂದಿನ ಕೋಣೆಯಲ್ಲಿ ಎರಡು ಕುಣಿ ಮಗ್ಗಗಳು. ಒಂದರಲ್ಲಿ ಅರ್ಧ ನೇಯ್ದ ಸೀರೆ, ಇನ್ನೊಂದರ ಮೇಲೆ ಹಳೆಯ ಪತ್ರಿಕೆಗಳ ಕಟ್ಟು. ಅವರ ತಾಯಿಗೆ ಎಂಬತ್ತು ದಾಟಿದೆ. ನನ್ನನ್ನು ಕಂಡು, ‘ರೇಡಿಯಾದ ವಾತಿಯಾರು ಇವರೇನಾ?’ ಎಂದು ಮಗನನ್ನು ಕೇಳಿ, ‘ಬನ್ನಿ, ಕೂತ್ಕೊಳ್ಳಿ. ನಿಮ್ಮ ದನಿ ಈಚೆಗೆ ಬರೀ ಮಳೆ ಹುಯ್ದಂಗೆ ಕೇಳ್ತದೆ’ ಎಂದರು. ಮೇಷ್ಟರಿಗೆ ತಮಿಳಿನಲ್ಲಿ ವಾತಿಯಾರ್ ಎನ್ನುತ್ತಾರೆ. ಸಂಜೆ ಮಗನ ಪಕ್ಕದಲ್ಲಿ ಕುಳಿತು ಅವರು ನನ್ನ ಮಾತು ಕೇಳುತ್ತಿದ್ದರೆಂಬುದೇ ನನಗೆ ತಿಳಿದಿರಲಿಲ್ಲ. ‘ಇವನು ಇಂಗ್ಲೀಷ್ ಮಾತಾಡೋಕೆ ಹಿಡಿದ ಮೇಲೆ ನನಗೇನೂ ತಿಳಿಯಾಕಿಲ್ಲ. ಸುಮ್ನೆ ಕೂತಿರ್ತೀನಿ’ ಎಂದರು. ಗೆಳೆಯ ತಲೆ ತಗ್ಗಿಸಿದರು. ತಗ್ಗಿಸಬೇಕಾದವನು ನಾನಾಗಿದ್ದೆ.

ಮಧ್ಯಾಹ್ನ ಪರೀಕ್ಷೆಗೆ ತೊಡಗಿದೆವು. ಗೆಳೆಯ ತೆಂಗಿನ ಮರದ ಮೇಲಿನ ರಾಟೆಯನ್ನು ಸಡಿಲಿಸಿ ಆಂಟೆನಾವನ್ನು ನೆಲಕ್ಕಿಳಿಸಿದರು: ಎರಡು ಮರಗಳ ನಡುವೆ ಕಟ್ಟಿದ ಸುಮಾರು 20 ಮೀಟರ್ ತಂತಿ, ಅದರ ನಡುಮಧ್ಯದಿಂದ ಕೇಬಲ್ ಇಳಿದು ಮನೆಗೆ ಬರುತ್ತಿತ್ತು. ಅವರು ಆ ಕೊನೆಯಲ್ಲಿ ಆಂಟೆನಾವನ್ನೇ ಕಳಚಿಬಿಟ್ಟರು. ಈಗ ಕೇಬಲ್ಲಿನ ತುದಿಯಲ್ಲಿ ಏನೂ ಇಲ್ಲ. ಕಳುಹಿಸಿದ ಶಕ್ತಿಯೆಲ್ಲ ಮರಳಲೇಬೇಕು. ಮೀಟರಿನ ಮುಳ್ಳು ಕೊನೆಗೆ ಬಡಿಯಬೇಕು. ಶಕ್ತಿಯನ್ನು ತೀರ ತಗ್ಗಿಸಿ ಒಂದು ಕ್ಷಣ ಗುಂಡಿ ಒತ್ತಿದರು. ಮುಳ್ಳು 1.7ರಲ್ಲಿ ನಿಂತಿತು.

ಅರ್ಥ ಹೊಳೆಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಕೇಬಲ್ ಹೋಗುವಾಗಲೇ ಮುಕ್ಕಾಲು ಪಾಲನ್ನು ನುಂಗುತ್ತಿತ್ತು. ಉಳಿದು ಮರಳಿದ ಕಾಲು ಪಾಲಿನಲ್ಲಿಯೂ ಮತ್ತೆ ಮುಕ್ಕಾಲನ್ನು ನುಂಗುತ್ತಿತ್ತು. ಮೀಟರಿನವರೆಗೆ ಬಂದು ‘ಇಲ್ಲ, ಇದು ಒಪ್ಪಿಗೆಯಾಗಲಿಲ್ಲ’ ಎಂದು ಹೇಳಲು ಹದಿನಾರರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತಿತ್ತು. ಕೆಟ್ಟ ಕೇಬಲ್ ಮೀಟರನ್ನು ಒಳ್ಳೆಯದಾಗಿ ತೋರಿಸುತ್ತದೆ. ತುದಿಯಲ್ಲಿ ಆಂಟೆನಾ ಇಲ್ಲದಿದ್ದರೂ ಎಲ್ಲವೂ ನಡೆಯುತ್ತಿದೆಯೆಂಬ ಭಾವನೆ ಕೊಡುತ್ತದೆ. ಆಮೇಲೆ ಆ ತುದಿಗೆ ಆಂಟೆನಾದ ಬದಲು ಶಕ್ತಿಯನ್ನು ಹೀರಿಕೊಳ್ಳುವ ಡಮ್ಮಿ ಲೋಡ್ ಕಟ್ಟಿ ಅಳೆದಾಗ, ಪೆಟ್ಟಿಗೆಯಿಂದ ಹೊರಟ 50 ವ್ಯಾಟಿನಲ್ಲಿ ಅತ್ತ ಮುಟ್ಟಿದ್ದು 12.

‘ಇದು ನಿಮಗೆ ಗೊತ್ತಿರಲಿಲ್ಲವೇ?’ ಎಂದೆ. ಯಂತ್ರಗಳೊಡನೆ ಬದುಕುವ ಮನುಷ್ಯ, ಗೊತ್ತಾಗದಿರಲು ಸಾಧ್ಯವೇ? ಗೆಳೆಯ ಕೇಬಲ್ಲಿನ ತುದಿಯನ್ನು ಒರೆಸುತ್ತ, ‘ಒಂದು ವರ್ಷದಿಂದ ಗೊತ್ತು ಸಾರ್. ನೀವು ಕಳಿಸಿದ್ದು. ಹೇಗೆ ಹೇಳೋದು?’ ಎಂದರು.

ನಾನು ಮಾತನಾಡಲಿಲ್ಲ. ಕನ್ನಡ ಶಾಲೆಗೆ ಸೇರಿದ ಮೊದಲ ವಾರ ನಾನು ಆಡಿದ ವಾಕ್ಯವೊಂದನ್ನು, ಅದರಲ್ಲಿದ್ದ ಮರಾಠಿಯ ರಾಗದೊಂದಿಗೆ, ಗುರುಗಳು ವರ್ಗದ ಮುಂದೆ ಆಡಿ ತೋರಿಸಿದ್ದರು. ಹುಡುಗರು ನಕ್ಕರು. ಆ ವರ್ಷ ಪೂರ್ತಿ ನಾನು ವರ್ಗದಲ್ಲಿ ತಾನಾಗಿ ಬಾಯಿ ತೆರೆಯಲಿಲ್ಲ. ‘ಹುಡುಗ ಶಾಂತ ಸ್ವಭಾವದವನು’ ಎಂದು ಗುರುಗಳು ನಮ್ಮ ತಂದೆಗೆ ಹೇಳಿದರಂತೆ. ಅವರ ಮೀಟರಿನಲ್ಲಿ ನಾನು 1.2 ತೋರಿಸುತ್ತಿದ್ದೆ. ನಲವತ್ತು ವರ್ಷಗಳ ಮೇಲೆ, ಮಾಡಿಸಿಕೊಂಡದ್ದನ್ನೇ ನಾನು ಇನ್ನೊಬ್ಬರಿಗೆ ಮಾಡಿದ್ದೆ. ಅವರು ‘ಎಲ್ಲ ಚೆನ್ನಾಗಿದೆ’ ಎಂದುದನ್ನೇ ನಂಬಿದ್ದೆ.

ಹಳೆಯ ಕೇಬಲ್ಲಿನ ಮೇಲ್ತುದಿಯನ್ನು ಕೊಯ್ದು ನೋಡಿದೆವು. ತಾಮ್ರದ ಬಲೆ ಕಪ್ಪಾಗಿ, ಬೆರಳು ತಾಗಿದರೆ ಪುಡಿಯಾಗುತ್ತಿತ್ತು. ತುದಿಯ ಕನೆಕ್ಟರಿಗೆ ಮಳೆನೀರು ತಡೆಯುವ ಪಟ್ಟಿ ಸುತ್ತದಿದ್ದರೆ ನೀರು ಒಳಗಿಳಿದು, ಹೆಣೆದ ಎಳೆಗಳ ಸಂದುಗಳಲ್ಲಿ ಬತ್ತಿಯಲ್ಲಿ ಎಣ್ಣೆಯೇರುವಂತೆ ಹರಡುತ್ತದೆ. ಆದರೆ ಪೂರ್ತಿ ದೋಷ ನೀರಿನದೇ ಅಲ್ಲವೆಂದು ತೋರಿಸಿದವರು ಅಮ್ಮ.

ಗೆಳೆಯ ಕೊಯಮತ್ತೂರಿನಿಂದ ನಾಲ್ಕು ಬಗೆಯ ಕೇಬಲ್ಲುಗಳ ಒಂದೊಂದು ಅಡಿ ತುಂಡು ತಂದಿಟ್ಟಿದ್ದರು: ಟಿವಿಗೆ ಹಾಕುವ ಆರ್‌ಜಿ-6, ಬೇರೆ ಬೇರೆ ತಯಾರಕರ ಎರಡು ಆರ್‌ಜಿ-58, ಮತ್ತು ಬೆರಳು ದಪ್ಪದ ಆರ್‌ಜಿ-213. ಟಿವಿಯದು 75 ಓಮ್, ನಮ್ಮ ಪೆಟ್ಟಿಗೆ ಬಯಸುವುದು 50. ಆ ವ್ಯತ್ಯಾಸದಿಂದ ಆಗುವ ನಷ್ಟ ಅಲ್ಪ. ಆದರೆ ಅಂಥ ಕೇಬಲ್ಲುಗಳಲ್ಲಿ ಎಷ್ಟೋ ಸಲ ಬಲೆ ಅಲ್ಯೂಮಿನಿಯಮ್ಮಿನದು, ಸಾಮಾನ್ಯ ಬೆಸುಗೆ ಅದಕ್ಕೆ ಹಿಡಿಯುವುದಿಲ್ಲ. ಅದನ್ನು ಬದಿಗಿಟ್ಟೆವು. ಪ್ರಾಯಶ್ಚಿತ್ತದ ಹುಮ್ಮಸ್ಸಿನಲ್ಲಿದ್ದ ನಾನು, ಎಲ್ಲಕ್ಕಿಂತ ದಪ್ಪದ್ದೂ ದುಬಾರಿಯೂ ಆದ ಆರ್‌ಜಿ-213ನ್ನೇ ಕೊಳ್ಳೋಣ, ಹಣ ನನ್ನದು ಎಂದೆ. ಗೆಳೆಯ ಒಪ್ಪಲಿಲ್ಲ. ‘ನಮ್ಮ ಗಾಳಿ ನಿಮಗೆ ಗೊತ್ತಿಲ್ಲ ಸಾರ್’ ಎಂದರು. ಕೇಬಲ್ 40 ಅಡಿ ಎತ್ತರದಲ್ಲಿ ತಂತಿಯ ನಡುವಿನಿಂದ ನೇತಾಡಬೇಕು. ಅಷ್ಟು ಉದ್ದದ ಆರ್‌ಜಿ-213 ಸುಮಾರು 1.8 ಕಿಲೋ ತೂಗುತ್ತದೆ. ಆರ್‌ಜಿ-58 ಅರ್ಧ ಕಿಲೋ. ಮುಂಗಾರು ಗಾಳಿಯಲ್ಲಿ ಆ ಭಾರ ಹಗಲಿರುಳು ತೂಗಾಡಿದರೆ ತಂತಿ ಹರಿಯುತ್ತದೆ. ಲಾಭವಾದರೂ ಎಷ್ಟು? ಒಂದರಲ್ಲಿ 50 ವ್ಯಾಟಿಗೆ 46 ಮುಟ್ಟಿದರೆ ಇನ್ನೊಂದರಲ್ಲಿ 42. ಕೇಳುವವರ ಕಿವಿಗೆ ಆ ಅಂತರ ತಿಳಿಯುವುದೇ ಇಲ್ಲ. 145 ಮೆಗಾಹರ್ಟ್ಜಿನಲ್ಲಾದರೆ ದಪ್ಪನೆಯದೇ ಬೇಕಿತ್ತು, 7ಕ್ಕೆ ಬೇಡ.

ಹಾಗಾದರೆ ಎರಡು ಆರ್‌ಜಿ-58ಗಳಲ್ಲಿ ಯಾವುದು? ಎರಡರ ಮೇಲೂ ಅಚ್ಚಾಗಿದ್ದ ಹೆಸರು ಒಂದೇ, ದಪ್ಪವೂ ಒಂದೇ. ‘ನೇಯ್ಗೆ ನೋಡಬೇಕು’ ಎಂದು ನಾನು ಪುಸ್ತಕದಲ್ಲಿ ಓದಿದ್ದನ್ನು ಹೇಳಿದೆ. ಮಗ್ಗದ ಪಕ್ಕ ಕುಳಿತಿದ್ದ ಅಮ್ಮ ಕೈ ಚಾಚಿದರು. ಸುಲಿದ ತುಂಡನ್ನು ಬೆರಳುಗಳ ನಡುವೆ ಹೊರಳಿಸಿ, ‘ವಾತಿಯಾರೇ, ಇದು ನೇಯ್ಗೆ ಅಲ್ಲ’ ಎಂದರು. ‘ನೇಯ್ಗೆ ಅಂದರೆ ಹಾಸು ಇರಬೇಕು, ಹೊಕ್ಕು ಇರಬೇಕು. ಹಾಸು ನಿಂತಿರ್ತದೆ, ಹೊಕ್ಕು ಓಡಾಡ್ತದೆ. ಇದರಲ್ಲಿ ಎಲ್ಲ ಎಳೆನೂ ಓಡಾಡಿವೆ. ಇದು ಹೆಣಿಗೆ. ಜಡೆ ಹೆಣೀತೀವಲ್ಲ, ಹಂಗೆ.’

‘ಹಾಸುಹೊಕ್ಕು’ ಎಂಬ ಪದವನ್ನು ನಾನು ಎಷ್ಟು ಉಪನ್ಯಾಸಗಳಲ್ಲಿ ಬಳಸಿದ್ದೇನೋ ಲೆಕ್ಕವಿಲ್ಲ. ಜೇಡರ ದಾಸಿಮಯ್ಯ ನೇಕಾರನೆಂದು ಪ್ರತಿ ವರ್ಷ ಪಾಠ ಹೇಳಿದ್ದೇನೆ. ಭಕ್ತಿ ಅವನ ಬದುಕಿನಲ್ಲಿ ಹಾಸುಹೊಕ್ಕಾಗಿತ್ತೆಂದು ಟಿಪ್ಪಣಿ ಬರೆಸಿದ್ದೇನೆ. ನಿಲ್ಲುವ ಎಳೆ ಯಾವುದು, ಓಡುವ ಎಳೆ ಯಾವುದು ಎಂದು ಒಬ್ಬ ವಿದ್ಯಾರ್ಥಿ ಕೇಳಿದ್ದರೆ ನಾನು ನಿಘಂಟಿಗೆ ಹೋಗಬೇಕಾಗಿತ್ತು. ಕನ್ನಡದ ಒಂದಕ್ಷರವನ್ನೂ ಓದಲಾರದ ಆ ತಾಯಿ ಆ ಎರಡು ಪದಗಳನ್ನೂ ಅವುಗಳ ಕೆಲಸದೊಂದಿಗೆ ಕೈಯಲ್ಲಿ ಹಿಡಿದಿದ್ದರು.

ಅವರು ಹಳೆಯ ಕೇಬಲ್ಲಿನ ಕೆಡದ ಭಾಗದಿಂದಲೂ ಹೊಸ ಎರಡು ತುಂಡುಗಳಿಂದಲೂ ಬಲೆಯನ್ನು ಕೋಶದಂತೆ ಜಾರಿಸಿ ತೆಗೆಯಿಸಿದರು. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದರು. ನಾನು ಕಳುಹಿಸಿದ ಕೇಬಲ್ಲಿನ ಬಲೆಯ ಮೂಲಕ ಅಂಗಳದ ತೆಂಗಿನ ಮರವೇ ಕಾಣುತ್ತಿತ್ತು. ‘ಎಳೆ ಕದ್ದವರೆ’ ಎಂದರು ಅಮ್ಮ. ನೇಕಾರರ ಮಾತಿನಲ್ಲಿ ಅದಕ್ಕಿಂತ ದೊಡ್ಡ ನಿಂದೆ ಇಲ್ಲವೆಂದು ಗೆಳೆಯ ವಿವರಿಸಿದರು: ನೂಲು ಕಡಿಮೆ ಹಾಕಿ ಗಂಜಿಯಿಂದ ಬಿರುಸು ಮಾಡಿ ಮಾರುವುದು. ಒಳ್ಳೆಯ ಕೇಬಲ್ಲಿನಲ್ಲಿ ಹೆಣಿಗೆಯು ಒಳಗಿನ ಮೈಯನ್ನು ಶೇಕಡ 95ರಷ್ಟು ಮುಚ್ಚಿರುತ್ತದೆಂದು ನಾನು ಓದಿದ್ದೆ. ಸಂದು ಹೆಚ್ಚಾದಷ್ಟೂ ಮನೆಯ ಎಲ್‌ಇಡಿ ದೀಪ, ಇನ್ವರ್ಟರ್, ಪಕ್ಕದ ಮನೆಯ ವಿದ್ಯುತ್ ಮಗ್ಗದ ಮೋಟಾರು ಇವುಗಳ ಸದ್ದೆಲ್ಲ ಒಳನುಗ್ಗುತ್ತದೆ. ಅಮ್ಮನಿಗೆ ಕೇಳಿಸಿದ ಮಳೆ ಬಹಳಮಟ್ಟಿಗೆ ಅದೇ. ಹೊಸ ಎರಡರಲ್ಲಿ ಒಂದರ ಬಲೆಯಲ್ಲಿ ಬೆಳಕಿನ ಚುಕ್ಕೆಗಳು ಕಂಡವು. ಇನ್ನೊಂದರಲ್ಲಿ ಅಲ್ಲೊಂದು ಇಲ್ಲೊಂದು. ‘ಇದು’ ಎಂದು ಎರಡನೆಯದನ್ನು ಮಗನ ಕೈಗಿಟ್ಟರು. ಮಾರನೆಯ ದಿನ ಅದನ್ನೇ ಕೊಂಡೆವು, ಎಂಬತ್ತು ಅಡಿ.

ಕಟ್ಟುವಾಗ ಗೆಳೆಯ ಗುರುವಾದರು, ನಾನು ಹಗ್ಗ ಹಿಡಿಯುವ ಆಳಾದೆ. ಆಂಟೆನಾದ ಬಳಿ ಕೇಬಲ್ಲನ್ನು ಹಲವು ಸುತ್ತು ಸುರುಳಿ ಸುತ್ತಿದರು. ಬಲೆಯ ಹೊರಮೈಯಲ್ಲಿ ಹರಿದುಬರುವ ಸದ್ದಿಗೆ ಅದು ತಡೆ. ಎಲ್ಲಿಯೂ ಚೂಪಾಗಿ ಬಾಗಿಸಲಿಲ್ಲ. ಕೇಬಲ್ಲಿನ ದಪ್ಪದ ಹತ್ತು ಪಟ್ಟಿಗಿಂತ ಕಿರಿದಾದ ಬಾಗು ಬೇಡವೆಂಬುದು ಅವರ ಲೆಕ್ಕ. ಕನೆಕ್ಟರಿಗೆ ರಬ್ಬರಿನ ಪಟ್ಟಿಯನ್ನು ಎಳೆದೆಳೆದು ಸುತ್ತಿದರು. ಗೋಡೆಯ ತೂತಿನೊಳಗೆ ಹೋಗುವ ಮುನ್ನ ಕೇಬಲ್ಲನ್ನು ಒಂದು ಗೇಣು ಕೆಳಗಿಳಿಸಿ ಮತ್ತೆ ಮೇಲಕ್ಕೆ ತಂದರು. ನೀರು ಅಲ್ಲಿಯೇ ತೊಟ್ಟಿಕ್ಕಲೆಂದು. ಕೊನೆಗೆ ಮೀಟರ್ ನೋಡಿದಾಗ ಮುಳ್ಳು 1.8 ತೋರಿಸಿತು. ಹಿಂದಿನದಕ್ಕಿಂತ ಕೆಟ್ಟ ಅಂಕಿ. ಗೆಳೆಯ ನಕ್ಕರು: ‘ಈಗ ನಿಜ ಹೇಳ್ತಿದೆ ಸಾರ್.’ ನಿಜ ತಿಳಿದ ಮೇಲೆ ತಿದ್ದುವುದು ಕಷ್ಟವಾಗಲಿಲ್ಲ. ಆಂಟೆನಾದ ತಂತಿಯನ್ನು ಎರಡೂ ತುದಿಗಳಲ್ಲಿ ಸ್ವಲ್ಪ ಸ್ವಲ್ಪ ಮೊಟಕುಗೊಳಿಸುತ್ತ ಸಂಜೆಯ ಹೊತ್ತಿಗೆ 1.3ಕ್ಕೆ ತಂದೆವು.

ಊರಿಗೆ ಮರಳಿದ ಮೇಲೆ ಮೊದಲ ಸಂಜೆ ಅವರ ಧ್ವನಿ ಪಕ್ಕದ ಕೋಣೆಯಿಂದ ಬಂದಂತೆ ಬಂದಿತು. ‘ನಮಸ್ಕಾರ ಸಾರ್. ಅಮ್ಮ ಇಲ್ಲೇ ಕೂತಿದ್ದಾರೆ. ಮಳೆ ನಿಂತದೆ ಅಂತಾರೆ. ನೀವು ಹೇಳಿ, ಅವರು ಕೇಳಿಟ್ಟು ಹೇಳಿದ್ದನ್ನ ನಾನು ಹೇಳ್ತೀನಿ’ ಎಂದರು. ‘ಕೇಳಿಟ್ಟು’ ಎಂದಾಗ ಅವರು ಒಂದು ಚಣ ತಡೆದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಕೇಬಲ್ ಅಷ್ಟು ಚೆನ್ನಾಗಿತ್ತು. ಆ ತಡೆಯನ್ನು ಅಲ್ಲಿಟ್ಟವನು ನಾನೇ. ನಾನು ಏನೂ ಅನ್ನದೆ, ಅಮ್ಮನ ಮಗ್ಗದ ಬಗ್ಗೆ ಕೇಳಿದೆ. ಈಗ ವಾರಕ್ಕೆರಡು ಸಂಜೆ ಅವರು ಹೇಳುವ ಮಗ್ಗದ ಪದಗಳನ್ನು ಮಗನ ಬಾಯಿಂದ ಕೇಳಿ ಬರೆದುಕೊಳ್ಳುತ್ತಿದ್ದೇನೆ. ನಲವತ್ತರಷ್ಟಾಗಿವೆ. ಕೆಲವು ತಮಿಳಿನವೋ ಕನ್ನಡದವೋ ನನಗೆ ತಿಳಿಯದು. ಎಲ್ಲವನ್ನೂ ಅವರು ಆಡಿದಂತೆಯೇ ಬರೆದಿದ್ದೇನೆ. ಯಂತ್ರದ ಮಾತು ಬಂದಾಗ ಗೆಳೆಯ ಈಗಲೂ ಇಂಗ್ಲಿಷಿಗೆ ಹೋಗುತ್ತಾರೆ. ಮುರಿದದ್ದೆಲ್ಲ ಒಂದು ಕೇಬಲ್ಲಿನಿಂದ ಕೂಡುವುದಿಲ್ಲ.

ತರಗತಿಯಲ್ಲಿ ‘ಅರ್ಥವಾಯಿತೇ?’ ಎಂದು ನಾನು ಕೇಳಿದಾಗ ನೀವೆಲ್ಲರೂ ಸುಮ್ಮನೆ ತಲೆಯಾಡಿಸುತ್ತೀರಿ. ಆ ಮೌನವನ್ನು ಇಷ್ಟು ವರ್ಷ ಒಪ್ಪಿಗೆಯೆಂದು ಎಣಿಸಿದ್ದೆ. ಈಗ ನನಗೆ ಅದರ ಬಗ್ಗೆ ಅನುಮಾನವಿದೆ. ನಿಮ್ಮಲ್ಲಿ ಮನೆಯಲ್ಲಿ ಮರಾಠಿ, ಉರ್ದು, ಲಂಬಾಣಿ, ಕೊಂಕಣಿ ಆಡುವವರು ಇದ್ದೀರಿ. ನಿಮ್ಮ ಊರಿನ ಕನ್ನಡ ಪುಸ್ತಕದ ಕನ್ನಡವಲ್ಲವೆಂದು ಅಳುಕುವವರು ಇದ್ದೀರಿ. ತಿದ್ದುವುದು ನನ್ನ ಕೆಲಸ, ಅದನ್ನು ಬಿಡಲಾರೆ. ಆದರೆ ನನ್ನ ತಿದ್ದುಪಡಿ ತಪ್ಪೆನಿಸಿದಾಗ, ನೋಯಿಸಿದಾಗ, ಅದನ್ನು ನನಗೆ ಮರಳಿಸಿ ಹೇಳಿ. ಹಳೆಯ ಕೇಬಲ್ಲಿನ ಒಂದು ಅಡಿ ತುಂಡು ವಿಭಾಗದಲ್ಲಿ ನನ್ನ ಮೇಜಿನ ಎಡಗಡೆಯ ಖಾನೆಯಲ್ಲಿದೆ. ಬಿಡುವಿದ್ದಾಗ ಬನ್ನಿ, ಆ ಬಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ.